90 ಮಿಲಿಸೆಕೆಂಡಿನ ಚಿಕಿತ್ಸೆ: ಫ್ಲ್ಯಾಶ್ ವಿಕಿರಣ ಪಡೆದ ಮೊದಲ ರೋಗಿಯ ಪ್ರಕರಣ

ನಮ್ಮ ಊರುಗಳಲ್ಲಿ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡೋದು’ ಅಂತಾರೆ. ಕ್ಯಾನ್ಸರ್ ಆದ ಮನೆಯವರನ್ನು ಬೆಂಗಳೂರಿನ ಕಿದ್ವಾಯಿಗೋ ಇನ್ನೊಂದು ಆಸ್ಪತ್ರೆಗೋ ಕರೆದುಕೊಂಡು ಹೋದವರಿಗೆ ಆ ದಿನಚರಿ ಗೊತ್ತು. ಬೆಳಿಗ್ಗೆ ಎದ್ದರೆ ಸಾಲು. ಮೈಮೇಲೆ ಹಾಕಿದ ಗುರುತು ಅಳಿಸದ ಹಾಗೆ ಸ್ನಾನ. ಮೇಜಿನ ಮೇಲೆ ಅಲುಗಾಡದೆ ಮಲಗುವುದು, ಕೆಲವು ನಿಮಿಷ ಮೆಷಿನ್ನಿನ ಸದ್ದು, ಆಮೇಲೆ ‘ನಾಳೆ ಬನ್ನಿ’. ಹೀಗೆ ಐದಾರು ವಾರ. ಊರಲ್ಲಿ ಹೊಲ, ದನ, ಮಕ್ಕಳ ಶಾಲೆ ಎಲ್ಲ ಬಿಟ್ಟು ಬಾಡಿಗೆ ಕೋಣೆಯಲ್ಲಿ ದಿನ ಎಣಿಸುವುದು.

2018ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ 75 ವರ್ಷದ ಒಬ್ಬ ರೋಗಿಗೂ ಕರೆಂಟ್ ಕೊಟ್ಟರು. ಇಡೀ ಚಿಕಿತ್ಸೆ ಒಂದೇ ಸಲಕ್ಕೆ ಮುಗಿಯಿತು. ಹಿಡಿದ ಹೊತ್ತು 90 ಮಿಲಿಸೆಕೆಂಡ್. ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲ. ಕಣ್ಣು ಮಿಟುಕಿಸಲು ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಹೀಗೆ ಕ್ಷಣಾರ್ಧದಲ್ಲಿ ಸುರಿಯುವ ವಿಕಿರಣಕ್ಕೆ ಫ್ಲ್ಯಾಶ್ ಅಂತಾರೆ. ಮನುಷ್ಯರ ಮೇಲೆ ಅದನ್ನು ಬಳಸಿದ್ದು ಅದೇ ಮೊದಲು. ಜಾನ್ ಬೂರಿಸ್ ಅವರ ತಂಡ 2019ರಲ್ಲಿ ಅದರ ವರದಿ ಪ್ರಕಟಿಸಿತು. ಆ ಮೇಲೆ ‘ಒಂದು ಕ್ಷಣದಲ್ಲಿ ಕ್ಯಾನ್ಸರ್ ಕರಗಿಸುವ ಹೊಸ ಮೆಷಿನ್’ ಎಂಬ ಮಾತು ಫೋನಿನಿಂದ ಫೋನಿಗೆ ಓಡಾಡುತ್ತಲೇ ಇದೆ. ಮನೆಯಲ್ಲಿ ರೋಗಿ ಇರುವವರು ಅದನ್ನು ಓದಿದರೆ ಮನಸ್ಸು ಅಲ್ಲೇ ನಿಲ್ಲುತ್ತದೆ, ಸಹಜ. ಅದಕ್ಕೇ ಆ ದಿನ ಏನಾಯಿತು, ಅದರಿಂದ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ರೋಗಿ

ಅವರಿಗೆ ಇದ್ದದ್ದು ಚರ್ಮದ ಲಿಂಫೋಮಾ. ರಕ್ತದ ಬಿಳಿಕಣಗಳಲ್ಲಿ ಟಿ-ಕಣ ಎಂಬ ಬಗೆಯಿದೆ. ಅವು ಕೆಟ್ಟು, ಚರ್ಮದಲ್ಲೇ ಗಂಟುಗಂಟಾಗಿ ಬೆಳೆಯುವ ಕಾಯಿಲೆ ಇದು. ಇವರಿಗೆ ಮೈಯ ಚರ್ಮದ ತುಂಬ ಹರಡಿತ್ತು. ಔಷಧಿಗಳು ಒಂದಾದ ಮೇಲೊಂದು ಸೋತಿದ್ದವು. ಹಾಗಾಗಿ ಗಂಟು ಒಡೆದು ಹುಣ್ಣಾದರೆ ಅಥವಾ ನೋವು ಕೊಟ್ಟರೆ ಆ ಜಾಗಕ್ಕೆ ಮಾತ್ರ ವಿಕಿರಣ ಕೊಡುತ್ತಿದ್ದರು. ಒಂದಲ್ಲ ಎರಡಲ್ಲ, 110ಕ್ಕೂ ಹೆಚ್ಚು ಸಲ.

ಈ ಸಂಖ್ಯೆಯನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಮುಂದೆ ಓದಲಿಲ್ಲ. ಒಬ್ಬ ಮನುಷ್ಯ 110 ಸಲ ಅದೇ ಮೇಜಿನ ಮೇಲೆ ಮಲಗಿ ಎದ್ದಿದ್ದಾರೆ. ಗೆಡ್ಡೆಗೆ ಬಿದ್ದ ವಿಕಿರಣ ಪಕ್ಕದ ಚರ್ಮಕ್ಕೂ ಬೀಳುತ್ತದೆ. ಇವರ ಚರ್ಮ ಅದನ್ನು ಅಷ್ಟಾಗಿ ತಡೆದುಕೊಳ್ಳುತ್ತಿರಲಿಲ್ಲ. ಮುಂದೆಯೂ ಇದೇ ದಾರಿ ಹಿಡಿಯಬೇಕಾದರೆ ಚರ್ಮಕ್ಕೆ ಕಡಿಮೆ ಪೆಟ್ಟು ಬೀಳುವ ಉಪಾಯ ಬೇಕಿತ್ತು. ಹೊಸ ಚಿಕಿತ್ಸೆಯನ್ನು ಮೊದಲು ಯಾರಿಗೆ ಕೊಡಬೇಕು ಅನ್ನುವುದು ಕಷ್ಟದ ಪ್ರಶ್ನೆ. ಇಲ್ಲಿ ವೈದ್ಯರು ಆರಿಸಿದ್ದು ಅದರ ಅಗತ್ಯ ನಿಜವಾಗಿ ಇದ್ದವರನ್ನು. ಗೆಡ್ಡೆಯೂ ಮೇಲ್ಮೈಯಲ್ಲೇ ಇತ್ತು, ಅಡ್ಡಳತೆ 3.5 ಸೆಂಟಿಮೀಟರ್. ಕಣ್ಣಿಗೆ ಕಾಣುವ ಜಾಗ, ದಿನಾ ನೋಡಿಕೊಳ್ಳಬಹುದು.

ಸೋನೆ ಮಳೆ, ಬಿರುಮಳೆ

ಮೈಗೆ ಎಷ್ಟು ವಿಕಿರಣ ಸೇರಿತು ಎಂಬುದನ್ನು ಗ್ರೇ ಎಂಬ ಅಳತೆಯಲ್ಲಿ ಹೇಳುತ್ತಾರೆ. ಫ್ಲ್ಯಾಶ್‌ನಲ್ಲಿ ಬದಲಾಗುವುದು ಅದನ್ನು ಸುರಿಯುವ ವೇಗ.

ದಿನವಿಡೀ ಸುರಿದ ಸೋನೆ ಮಳೆ ಮಣ್ಣಿಗೆ ಇಳಿಯುತ್ತದೆ. ಅಷ್ಟೇ ನೀರು ಅರ್ಧ ಗಂಟೆಯಲ್ಲಿ ಸುರಿದರೆ ಗದ್ದೆಯ ಬದು ಒಡೆಯುತ್ತದೆ. ಇದು ಯಾವ ರೈತರಿಗೂ ಗೊತ್ತು. ವಿಕಿರಣದಲ್ಲಿ ನಡೆಯುವುದು ಇದರ ಉಲ್ಟಾ. ಒಂದೇ ಡೋಸ್ ಅನ್ನು ತೀರಾ ಬಿರುಸಾಗಿ ಸುರಿಸಿದರೆ ಆರೋಗ್ಯವಾಗಿರುವ ಭಾಗಕ್ಕೆ ಪೆಟ್ಟು ಕಡಿಮೆ, ಗೆಡ್ಡೆಗೆ ಮಾತ್ರ ಅಷ್ಟೇ ಪೆಟ್ಟು. ಇದರ ಸುಳಿವು 1959ರಲ್ಲೇ ಬ್ಯಾಕ್ಟೀರಿಯಾಗಳಲ್ಲಿ, 1966ರಲ್ಲಿ ಇಲಿಗಳಲ್ಲಿ ಸಿಕ್ಕಿತ್ತು. ಆಮೇಲೆ ಬಹಳ ಕಾಲ ಯಾರೂ ಅದನ್ನು ಚಿಕಿತ್ಸೆಯ ಕಡೆಗೆ ಎಳೆದು ತರಲಿಲ್ಲ.

2014ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯ ವಿನ್ಸೆಂಟ್ ಫಾವೊಡಾನ್ ಮತ್ತು ಜೊತೆಗಾರರು ಇಲಿಗಳ ಎದೆಗೆ 17 ಗ್ರೇ ಕೊಟ್ಟ ಪ್ರಯೋಗ ಪ್ರಕಟಿಸಿದರು. ಮಾಮೂಲಿ ವೇಗದಲ್ಲಿ ಕೊಟ್ಟ ಇಲಿಗಳ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಯಿತು. ಸೆಕೆಂಡಿಗೆ 40 ಗ್ರೇಗಿಂತ ಹೆಚ್ಚು ವೇಗದಲ್ಲಿ ಕೊಟ್ಟವುಗಳಲ್ಲಿ ಹಾಗಾಗಲಿಲ್ಲ. ಗೆಡ್ಡೆ ಕುಗ್ಗಿದ್ದು ಎರಡರಲ್ಲೂ ಒಂದೇ ರೀತಿ. ಆ ಕೆಲಸದಲ್ಲಿದ್ದ ಮಾರಿ-ಕ್ಯಾಥರೀನ್ ವೊಜೆನಾ ಆಮೇಲೆ ಲೊಸಾನ್‌ನಲ್ಲಿ ಬೂರಿಸ್ ಜೊತೆ ಸೇರಿ, ಪುಟ್ಟ ಜಾತಿಯ ಹಂದಿಯ ಚರ್ಮದ ಮೇಲೆ, ಮೂಗಿನ ಕ್ಯಾನ್ಸರ್ ಇದ್ದ ಸಾಕುಬೆಕ್ಕುಗಳ ಮೇಲೆ ಇದನ್ನು ನೋಡಿದರು. ಅಲ್ಲಿಯೂ ಶುರುವಿನ ಫಲಿತಾಂಶ ಚೆನ್ನಾಗಿತ್ತು. ಮನುಷ್ಯರ ಸರದಿ ಬಂದದ್ದು ಹೀಗೆ.

ಯಾಕೆ ಹೀಗಾಗುತ್ತದೆ? ಆರೋಗ್ಯವಂತ ಜಾಗದ ಆಮ್ಲಜನಕ ಆ ಒಂದು ಕ್ಷಣದಲ್ಲಿ ಖರ್ಚಾಗಿಬಿಡುತ್ತದೆ, ಹಾಗಾಗಿ ಪೆಟ್ಟು ಕಡಿಮೆ ಎಂದು ಮೊದಲು ಅಂದುಕೊಂಡಿದ್ದರು. ಅಳೆದು ನೋಡಿದಾಗ ಖರ್ಚಾಗುವ ಆಮ್ಲಜನಕ ತುಂಬ ಕಡಿಮೆ, ಅದೊಂದೇ ಕಾರಣ ಸಾಲದು ಎಂದು ಗೊತ್ತಾಯಿತು. ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ.

ಅಳೆಯುವುದು ಹೇಗೆ?

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಭಾಗ. ಸುದ್ದಿಗಳಲ್ಲಿ ಇದರ ಮಾತೇ ಇರುವುದಿಲ್ಲ.

ಬಳಸಿದ ಮೆಷಿನ್ ಫ್ಲ್ಯಾಶ್‌ಗೆಂದೇ ಹೊಂದಿಸಿದ ಒಂದು ಲಿನಾಕ್, ಅಂದರೆ ಎಲೆಕ್ಟ್ರಾನುಗಳಿಗೆ ಭಾರಿ ವೇಗ ಕೊಡುವ ಮೆಷಿನ್. ಅದರಿಂದ ಬರುವುದು 5.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು. ಲಿನಾಕ್‌ನಿಂದ ವಿಕಿರಣ ನಲ್ಲಿ ನೀರಿನ ಹಾಗೆ ಒಂದೇ ಧಾರೆಯಾಗಿ ಬರುವುದಿಲ್ಲ, ಸಣ್ಣ ಸಣ್ಣ ಮಿಡಿತಗಳಾಗಿ ಬರುತ್ತದೆ. ಮಾಮೂಲಿ ಚಿಕಿತ್ಸೆಯಲ್ಲಿ ಒಂದು ಮಿಡಿತದಲ್ಲಿ ಬರುವುದು ಒಂದು ಗ್ರೇಯ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಅಂಥ ಸಾವಿರಾರು ಮಿಡಿತ ಸೇರಿ ಒಂದು ದಿನದ ಡೋಸ್ ಆಗುತ್ತದೆ. ಲೊಸಾನ್‌ನಲ್ಲಿ ಒಟ್ಟು ಬಿಟ್ಟದ್ದು 10 ಮಿಡಿತ. ಒಂದೊಂದೂ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಹೊತ್ತು. ಹತ್ತೂ ಸೇರಿ 15 ಗ್ರೇ. ಅಂದರೆ ಒಂದೊಂದು ಮಿಡಿತಕ್ಕೆ ಒಂದೂವರೆ ಗ್ರೇ.

ಮಾಮೂಲಿ ಮೆಷಿನ್ನಿನ ತಲೆಯೊಳಗೆ ಗಾಳಿ ತುಂಬಿದ ಪುಟ್ಟ ಗೂಡುಗಳಿರುತ್ತವೆ. ಅವಕ್ಕೆ ಅಯಾನ್ ಚೇಂಬರ್ ಅಂತಾರೆ. ವಿಕಿರಣ ಹಾದು ಹೋದಾಗ ಗಾಳಿಯ ಕಣಗಳು ಒಡೆದು ವಿದ್ಯುತ್ ಅಂಶಗಳಾಗುತ್ತವೆ. ಅವನ್ನು ತಂತಿಯಲ್ಲಿ ಎಳೆದು ಎಣಿಸಿದರೆ ಎಷ್ಟು ಡೋಸ್ ಹೋಯಿತು ಅಂತ ಗೊತ್ತಾಗುತ್ತದೆ. ಲೆಕ್ಕ ತುಂಬಿದ ಕೂಡಲೇ ಮೆಷಿನ್ ತಾನೇ ನಿಲ್ಲುತ್ತದೆ. ಒಂದು ಕೈಕೊಟ್ಟರೂ ಇನ್ನೊಂದು ಇರಲಿ ಎಂದು ಎರಡು ಚೇಂಬರ್ ಇಟ್ಟಿರುತ್ತಾರೆ. ದಶಕಗಳಿಂದ ರೋಗಿಗಳನ್ನು ಕಾಯುತ್ತಾ ಬಂದ ವ್ಯವಸ್ಥೆ ಇದು.

ಒಂದೇ ಮಿಡಿತಕ್ಕೆ ಒಂದೂವರೆ ಗ್ರೇ ಬಂದು ಬಿದ್ದರೆ ಈ ಗೂಡು ತಬ್ಬಿಬ್ಬಾಗುತ್ತದೆ. ಒಡೆದ ಕಣಗಳು ಎಷ್ಟು ದಟ್ಟವಾಗಿರುತ್ತವೆ ಅಂದರೆ, ತಂತಿ ಎಳೆದುಕೊಳ್ಳುವ ಮುಂಚೆಯೇ ಅವು ಒಂದಕ್ಕೊಂದು ಅಂಟಿಕೊಂಡು ಮೊದಲಿನಂತೆ ಆಗಿಬಿಡುತ್ತವೆ. ಎಣಿಕೆ ಕಡಿಮೆ ಬರುತ್ತದೆ. ನಿಜವಾಗಿ ಹೋದದ್ದು ಜಾಸ್ತಿ, ಮೀಟರ್ ತೋರಿಸಿದ್ದು ಕಮ್ಮಿ. ಇದಕ್ಕಿಂತ ಅಪಾಯದ ತಪ್ಪು ವಿಕಿರಣ ಚಿಕಿತ್ಸೆಯಲ್ಲಿ ಇನ್ನೊಂದಿಲ್ಲ. ಮೀಟರನ್ನೇ ನಂಬಿಕೊಂಡು ಕೂತರೆ ರೋಗಿಗೆ ಬೇಕಾದ್ದಕ್ಕಿಂತ ಹೆಚ್ಚು ಹೋಗಿಬಿಡುತ್ತದೆ, ಗೊತ್ತೂ ಆಗುವುದಿಲ್ಲ.

ಇನ್ನೊಂದು ವಿಷಯ. ಮಾಮೂಲಿ ಚಿಕಿತ್ಸೆಯಲ್ಲಿ ರೋಗಿ ಕೆಮ್ಮಿದರೆ, ಅಲುಗಾಡಿದರೆ ಹೊರಗೆ ಟಿವಿ ಪರದೆ ನೋಡುತ್ತಾ ಕೂತ ಟೆಕ್ನಿಷಿಯನ್ ಬಟನ್ ಒತ್ತಿ ನಿಲ್ಲಿಸಬಹುದು. 90 ಮಿಲಿಸೆಕೆಂಡಿನಲ್ಲಿ ಕೈ ಬಟನ್ ತನಕ ಹೋಗುವುದೇ ಇಲ್ಲ. ಎಲ್ಲವೂ ಮುಂಚೆಯೇ ಸರಿಯಾಗಿರಬೇಕು. ಜಾಗ, ಕೋನ, ದೂರ, ಮಿಡಿತದ ಲೆಕ್ಕ, ಎಲ್ಲ. ನಡುವೆ ತಿದ್ದಿಕೊಳ್ಳುವ ಅವಕಾಶ ಇಲ್ಲ.

ಹಾಗಾದರೆ ಲೊಸಾನಿನ ಭೌತವಿಜ್ಞಾನಿಗಳು ಏನು ಮಾಡಿದರು? ವೇಗಕ್ಕೆ ತಬ್ಬಿಬ್ಬಾಗದ ಅಳತೆಗೋಲುಗಳನ್ನು ಹುಡುಕಿದರು. ಒಂದು, ಗ್ಯಾಫ್‌ಕ್ರೋಮಿಕ್ ಫಿಲ್ಮ್. ವಿಕಿರಣ ಬಿದ್ದಷ್ಟೂ ಕಪ್ಪಾಗುವ ತೆಳ್ಳನೆ ಹಾಳೆ. ಸ್ಕ್ಯಾನರ್‌ನಲ್ಲಿಟ್ಟು ಎಷ್ಟು ಬಣ್ಣ ಏರಿದೆ ಎಂದು ಓದುತ್ತಾರೆ. ಇನ್ನೊಂದು, ಅಲನಿನ್. ನಮ್ಮ ಮೈಯ ಪ್ರೋಟೀನಿನಲ್ಲೇ ಇರುವ ಅಮೈನೋ ಆಮ್ಲ. ಅದರ ಪುಟ್ಟ ಬಿಲ್ಲೆಗೆ ವಿಕಿರಣ ಬಿದ್ದರೆ ಒಳಗೆ ಉಳಿಯುವ ಬದಲಾವಣೆಯನ್ನು ಕಾಂತಕ್ಷೇತ್ರದಲ್ಲಿಟ್ಟು ಅಳೆಯಬಹುದು. ಎರಡೂ ನಿಧಾನದ ಅಳತೆಗಳು. ಚಿಕಿತ್ಸೆ ನಡೆಯುವಾಗಲೇ ಉತ್ತರ ಹೇಳುವುದಿಲ್ಲ. ಆದರೆ ಎರಡರ ಕೆಲಸದ ರೀತಿ ಪೂರ್ತಿ ಬೇರೆ ಬೇರೆ. ಒಂದು ತಪ್ಪಿದರೆ ಇನ್ನೊಂದೂ ಅದೇ ಕಾರಣಕ್ಕೆ, ಅದೇ ಕಡೆಗೆ ತಪ್ಪುವ ಸಂಭವ ಕಡಿಮೆ. ಬೆಳೆದ ಧಾನ್ಯವನ್ನು ಒಮ್ಮೆ ಸೇರಿನಲ್ಲಿ, ಒಮ್ಮೆ ತಕ್ಕಡಿಯಲ್ಲಿ ಅಳೆದು ತಾಳೆ ನೋಡಿದ ಹಾಗೆ. ಈ ರೋಗಿಯಲ್ಲಿ ಎರಡೂ ಅಳತೆ ತಾಳೆಯಾದವು. ಚೀಟಿಯಲ್ಲಿ ಬರೆದ ಡೋಸೂ ಗೆಡ್ಡೆಗೆ ತಲುಪಿದ ಡೋಸೂ ಒಂದೇ ಎಂದು ಖಚಿತವಾಯಿತು.

ಮೆಡಿಕಲ್ ಫಿಸಿಸಿಸ್ಟ್ ಎಂಬ ಕೆಲಸ ಇದೇ. ವೈದ್ಯರ ಮುಖ ರೋಗಿಗೆ ನೆನಪಿರುತ್ತದೆ, ಮೇಜಿನ ಮೇಲೆ ಮಲಗಿಸಿದವರ ಮುಖವೂ ನೆನಪಿರುತ್ತದೆ. ಇವರನ್ನು ಹೆಚ್ಚಿನ ರೋಗಿಗಳು ನೋಡಿರುವುದೇ ಇಲ್ಲ. ನಮ್ಮ ಆಸ್ಪತ್ರೆಗಳಲ್ಲೂ ಮೆಷಿನ್ ಹೇಳಿದಷ್ಟೇ ಕೊಡುತ್ತಿದೆಯಾ ಎಂದು ಅಳೆದು ನೋಡುವವರು ಇವರೇ. ಲೊಸಾನಿನ ಆ 90 ಮಿಲಿಸೆಕೆಂಡ್ ಸಾಧ್ಯವಾದದ್ದು ಇಂಥವರು ಅದಕ್ಕೂ ಮುಂಚೆ ವರ್ಷಗಟ್ಟಲೆ ಫಿಲ್ಮ್, ಬಿಲ್ಲೆ ಇಟ್ಟು ಲೆಕ್ಕ ಹಾಕಿದ್ದರಿಂದ.

ಆಮೇಲೆ ಏನಾಯಿತು

ಹತ್ತನೇ ದಿನಕ್ಕೆ ಗೆಡ್ಡೆ ಕುಗ್ಗಲು ಶುರುವಾಯಿತು. 36ನೇ ದಿನಕ್ಕೆ ಪೂರ್ತಿ ಹೋಗಿತ್ತು. ವರದಿ ಬರೆಯುವ ಹೊತ್ತಿಗೆ ಐದು ತಿಂಗಳಾಗಿತ್ತು, ಆ ಜಾಗದಲ್ಲಿ ಅದು ಮರಳಿ ಬಂದಿರಲಿಲ್ಲ.

ಚರ್ಮ ಹೆಚ್ಚು ಕೆಂಪಾದದ್ದು ಮೂರನೇ ವಾರದಲ್ಲಿ. ಅದೂ ಒಂದನೇ ದರ್ಜೆಯ ತೊಂದರೆ, ಅಂದರೆ ಎಲ್ಲಕ್ಕಿಂತ ಕೆಳಗಿನ ಮಟ್ಟದ್ದು. ಸುತ್ತ ಸ್ವಲ್ಪ ಬಾವು ಬಂದು ಇಳಿಯಿತು. ಬೆಳಕಿನಿಂದ ಚರ್ಮದ ಪದರಗಳನ್ನು ತೋರಿಸುವ ಸ್ಕ್ಯಾನ್ ಮಾಡಿದಾಗ ಮೇಲ್ಪದರ ತೆಳುವಾಗಿರಲಿಲ್ಲ, ಅದರ ಬುಡವೂ ಹರಿದಿರಲಿಲ್ಲ. 110 ಸಲ ವಿಕಿರಣ ಪಡೆದು ಸೋತಿದ್ದ ಮೈಗೆ ಇದು ದೊಡ್ಡ ಬಿಡುವು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಕೇಳಲು ಚೆನ್ನಾಗಿರುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈ ಪ್ರಕರಣದಿಂದ ಸಾಬೀತಾದದ್ದು ಇಷ್ಟೇ: ಇಷ್ಟು ವೇಗದಲ್ಲಿ ಮನುಷ್ಯರಿಗೆ ಸುರಕ್ಷಿತವಾಗಿ ಕೊಡಬಹುದು, ಕೊಟ್ಟದ್ದನ್ನು ಸರಿಯಾಗಿ ಅಳೆಯಬಹುದು. ಫ್ಲ್ಯಾಶ್‌ನಿಂದಲೇ ಚರ್ಮ ಉಳಿಯಿತು ಎಂದು ಇದರಿಂದ ಹೇಳಲು ಬರುವುದಿಲ್ಲ. ಅದೇ 15 ಗ್ರೇಯನ್ನು ಮಾಮೂಲಿ ವೇಗದಲ್ಲಿ ಕೊಟ್ಟಿದ್ದರೂ ಚರ್ಮ ಹೀಗೇ ಇರುತ್ತಿತ್ತೋ ಏನೋ. ಹಿಂದಿನ ಚಿಕಿತ್ಸೆಗಳು ಬೇರೆ ಜಾಗಕ್ಕೆ, ಬೇರೆ ಕಾಲಕ್ಕೆ ಆದವು. ಅವುಗಳ ಜೊತೆ ಹೋಲಿಸಿದರೆ ಅದು ಸರಿಯಾದ ಹೋಲಿಕೆ ಆಗುವುದಿಲ್ಲ.

ಸರಿಯಾದ ಹೋಲಿಕೆಯನ್ನು ಲೊಸಾನಿನವರೇ ಮಾಡಿದರು. ಚರ್ಮದ ಲಿಂಫೋಮಾ ಇದ್ದ ಒಬ್ಬರ ಮೈಯಲ್ಲಿ ಎರಡು ಬೇರೆ ಬೇರೆ ಗೆಡ್ಡೆಗಳನ್ನು ಆರಿಸಿಕೊಂಡರು. ಒಂದೇ ದಿನ ಎರಡಕ್ಕೂ 15 ಗ್ರೇ ಕೊಟ್ಟರು. ಒಂದಕ್ಕೆ ಸೆಕೆಂಡಿಗೆ 166 ಗ್ರೇ ವೇಗ, ಇನ್ನೊಂದಕ್ಕೆ ಸೆಕೆಂಡಿಗೆ 0.08 ಗ್ರೇ. ಮೊದಲನೆಯದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದರೆ ಎರಡನೆಯದಕ್ಕೆ ಮೂರು ನಿಮಿಷದ ಮೇಲೆ ಬೇಕು. ಅದೇ ಮೈ, ಅದೇ ಕಾಯಿಲೆ, ಅದೇ ದಿನ, ಅದೇ ಡೋಸ್. ಬೇರೆ ಇದ್ದದ್ದು ವೇಗ ಒಂದೇ.

ಎರಡು ವರ್ಷ ನೋಡಿದರು. ಶುರುವಿನ ಕೆಂಪಿನಲ್ಲಿ ವ್ಯತ್ಯಾಸ ಇಲ್ಲ. ನಿಧಾನವಾಗಿ ಕಾಣಿಸುವ ತೊಂದರೆಗಳಲ್ಲೂ ಇಲ್ಲ. ಗೆಡ್ಡೆ ಹೋದದ್ದರಲ್ಲೂ ಇಲ್ಲ. 2022ರಲ್ಲಿ ಅದನ್ನು ಹಾಗೆಯೇ ಪ್ರಕಟಿಸಿದರು. ತಾವೇ ಲೋಕಕ್ಕೆ ತೋರಿಸಿಕೊಟ್ಟ ಚಿಕಿತ್ಸೆ ಇಲ್ಲಿ ಹೆಚ್ಚುಗಾರಿಕೆ ತೋರಿಸಲಿಲ್ಲ ಎಂದು ಬರೆಯಲು ಗಟ್ಟಿ ಮನಸ್ಸು ಬೇಕು. ನನಗೆ ಈ ತಂಡದ ಮೇಲೆ ಗೌರವ ಹೆಚ್ಚಾದದ್ದು ಮೊದಲ ವರದಿಯಿಂದಲ್ಲ, ಈ ಎರಡನೆಯದರಿಂದ.

ಬೆಕ್ಕುಗಳು ಹೇಳಿದ್ದು

ಅದೇ ವರ್ಷ ಇನ್ನೊಂದು ಕಷ್ಟದ ಸುದ್ದಿ ಬಂತು. ಮೂಗಿನ ಕ್ಯಾನ್ಸರ್ ಇದ್ದ ಬೆಕ್ಕುಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಒಂದೇ ಸಲ 30 ಗ್ರೇ ಫ್ಲ್ಯಾಶ್. ಇನ್ನೊಂದಕ್ಕೆ 4.8 ಗ್ರೇಯಂತೆ ಹತ್ತು ಸಲ ಮಾಮೂಲಿ ಚಿಕಿತ್ಸೆ. ಫ್ಲ್ಯಾಶ್ ಪಡೆದ ಏಳರಲ್ಲಿ ಮೂರು ಬೆಕ್ಕುಗಳಿಗೆ ತಿಂಗಳುಗಳ ನಂತರ ಮೇಲ್ದವಡೆಯ ಮೂಳೆ ಸತ್ತುಹೋಯಿತು. ಇನ್ನೊಂದು ಗುಂಪಿನಲ್ಲಿ ಒಂದಕ್ಕೂ ಹಾಗಾಗಲಿಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು.

ಚರ್ಮ ಸಹಿಸಿಕೊಂಡಿತು ಎಂದ ಮಾತ್ರಕ್ಕೆ ಮೂಳೆಯೂ ಸಹಿಸುತ್ತದೆ ಎನ್ನುವ ಹಾಗಿಲ್ಲ. ಒಂದೇ ಸಲಕ್ಕೆ ದೊಡ್ಡ ಡೋಸ್ ಕೊಡುವುದರಲ್ಲಿ ಅದರದ್ದೇ ಅಪಾಯವಿದೆ. ಐದಾರು ವಾರ ಹಂಚಿ ಕೊಡುವುದು ಸುಮ್ನೆ ಅಲ್ಲ. ದಿನದಿಂದ ದಿನಕ್ಕೆ ಆರೋಗ್ಯವಂತ ಕಣಗಳು ತಮ್ಮನ್ನು ರಿಪೇರಿ ಮಾಡಿಕೊಳ್ಳಲಿ ಎಂದೇ ಆ ಬಿಡುವು. ಫ್ಲ್ಯಾಶ್ ಆ ಬಿಡುವನ್ನೇ ತೆಗೆದುಹಾಕುತ್ತದೆ. ಸಿಗುವ ಲಾಭ ಕಳೆದುಕೊಂಡದ್ದಕ್ಕಿಂತ ಹೆಚ್ಚಿರಬೇಕು. ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅನ್ನುವುದೇ ಈಗಿನ ಪ್ರಶ್ನೆ.

ಇನ್ನು ಆಳದ ಗೆಡ್ಡೆಗಳ ವಿಷಯ. 5.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ಎಲೆಕ್ಟ್ರಾನು ಮೈಯೊಳಗೆ ಮೂರು ಸೆಂಟಿಮೀಟರ್ ಕೂಡ ಹೋಗುವುದಿಲ್ಲ. ಗರ್ಭಕಂಠ, ಶ್ವಾಸಕೋಶ, ಅನ್ನನಾಳ, ಅಂದರೆ ನಮ್ಮಲ್ಲಿ ಹೆಚ್ಚು ಕಾಣುವ ಕ್ಯಾನ್ಸರುಗಳು, ಅದರ ಕೈಗೆ ಎಟುಕುವುದೇ ಇಲ್ಲ. ಅದಕ್ಕಾಗಿ ಅಮೆರಿಕದ ಸಿನ್ಸಿನಾಟಿಯಲ್ಲಿ ಪ್ರೋಟಾನ್ ಬಳಸಿ ನೋಡಿದರು. ಕೈಕಾಲಿನ ಮೂಳೆಗೆ ಕ್ಯಾನ್ಸರ್ ಹರಡಿ ನೋಯುತ್ತಿದ್ದ 10 ಜನ, 12 ಜಾಗ. ಪ್ರತಿ ಜಾಗಕ್ಕೆ ಒಂದೇ ಸಲ 8 ಗ್ರೇ. 12ರಲ್ಲಿ 8 ಜಾಗಗಳಲ್ಲಿ ನೋವು ಕಡಿಮೆಯಾಯಿತು, ಅವುಗಳಲ್ಲಿ 6ರಲ್ಲಿ ಪೂರ್ತಿ ಹೋಯಿತು. ಮಾಮೂಲಿ ವಿಕಿರಣದಲ್ಲೂ ಹೆಚ್ಚುಕಡಿಮೆ ಇಂಥದ್ದೇ ಫಲ ಸಿಗುತ್ತದೆ. ಕೊಡಬಹುದು ಎಂದು ಗೊತ್ತಾಯಿತು. ಇದೇ ಮೇಲು ಎಂದು ತಿಳಿಯಲು ಆ ಪ್ರಯೋಗ ನಡೆದದ್ದೂ ಅಲ್ಲ. ಲೊಸಾನಿನವರು ಇನ್ನೊಂದು ದಾರಿ ಹಿಡಿದಿದ್ದಾರೆ. ಜಿನೀವಾದಲ್ಲಿರುವ ಸೆರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯ ಜೊತೆ ಸೇರಿ, ಆಳಕ್ಕೆ ಹೋಗುವ ಭಾರಿ ಶಕ್ತಿಯ ಎಲೆಕ್ಟ್ರಾನ್ ಮೆಷಿನ್ ಕಟ್ಟುವ ಕೆಲಸ.

ಕೇಳುವವರಿಗೆ ಏನು ಹೇಳುವುದು?

‘ಆ ಹೊಸ ಮೆಷಿನ್ ಬರೋವರೆಗೂ ಕಾಯೋಣವಾ ಡಾಕ್ಟ್ರೇ?’ ಎಂದು ಮನೆಯವರು ಕೇಳಿದರೆ ಉತ್ತರ ನೇರವಾಗಿದೆ. ಬೇಡ. ಇಂದು ಸಿಗುವ ಚಿಕಿತ್ಸೆಯನ್ನು ಇಂದೇ ಶುರು ಮಾಡಿ. ಒಂದು ವಾರ ತಡವಾದರೂ ಗೆಡ್ಡೆ ತನ್ನ ಕೆಲಸ ಮಾಡುತ್ತಿರುತ್ತದೆ.

ಆಸ್ಪತ್ರೆಗೆ ಓಡಾಡುವ ದಿನ ಕಡಿಮೆಯಾಗಬೇಕು ಅನ್ನುವುದೇ ಆಸೆಯಾದರೆ, ಅದಕ್ಕೆ ಫ್ಲ್ಯಾಶ್ ಬೇಕೆಂದೇನಿಲ್ಲ. ಬ್ರಿಟನ್ನಿನಲ್ಲಿ ಸ್ತನ ಕ್ಯಾನ್ಸರಿನ ಆಪರೇಷನ್ ಆದ 4,096 ರೋಗಿಗಳ ಮೇಲೆ ಫಾಸ್ಟ್-ಫಾರ್ವರ್ಡ್ ಎಂಬ ಪರೀಕ್ಷೆ ನಡೆಯಿತು. ಮೂರು ವಾರಗಳಲ್ಲಿ 15 ಸಲ ಒಟ್ಟು 40 ಗ್ರೇ ಕೊಡುವ ಬದಲು, ಒಂದೇ ವಾರದಲ್ಲಿ ಐದು ಸಲ ಒಟ್ಟು 26 ಗ್ರೇ ಕೊಟ್ಟು ನೋಡಿದರು. ಐದು ವರ್ಷ ಕಾದು, 2020ರಲ್ಲಿ ಫಲಿತಾಂಶ ಹೇಳಿದರು. ಕ್ಯಾನ್ಸರ್ ತಡೆಯುವುದರಲ್ಲಿ ಒಂದು ವಾರದ್ದು ಮೂರು ವಾರದ್ದಕ್ಕಿಂತ ಹಿಂದೆ ಬೀಳಲಿಲ್ಲ. ಬಳಸಿದ್ದು ಮಾಮೂಲಿ ಲಿನಾಕ್, ಮಾಮೂಲಿ ವೇಗ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿಗೆ ಬರುವ ಒಬ್ಬ ಹೆಣ್ಣುಮಗಳಿಗೆ ಮೂರು ವಾರ ಒಂದು ವಾರವಾದರೆ ಎಷ್ಟು ಹಗುರ, ಅಲ್ವಾ? ಇದು ಎಲ್ಲರಿಗೂ ಹೊಂದುವುದಿಲ್ಲ. ನಮಗೆ ಹೊಂದುತ್ತದಾ ಎಂದು ವೈದ್ಯರನ್ನು ಕೇಳಿ. ಸಂಕೋಚ ಬೇಡ.

ಅಲ್ಲಿ 4,096 ಜನ, ಇಲ್ಲಿ ಒಬ್ಬರು. ಫ್ಲ್ಯಾಶ್ ಇನ್ನೂ ಎಷ್ಟು ದೂರ ನಡೆಯಬೇಕು ಎಂಬುದಕ್ಕೆ ಈ ಎರಡು ಸಂಖ್ಯೆ ಸಾಕು. ಆದರೂ ಇಲಿಗಳಲ್ಲಿ, ಹಂದಿಯ ಚರ್ಮದಲ್ಲಿ ಕಂಡದ್ದು ಸುಳ್ಳಾಗಿರಲಿಲ್ಲ. ಹಂದಿಯ ಚರ್ಮದಲ್ಲಿ ವ್ಯತ್ಯಾಸ ಕಂಡದ್ದು 15 ಗ್ರೇಗಿಂತ ಎಷ್ಟೋ ಮೇಲಿನ ಡೋಸಿನಲ್ಲಿ. ಬಹುಶಃ ಮನುಷ್ಯರಲ್ಲಿ 15 ಗ್ರೇ ಅದಕ್ಕೆ ಸಾಲದೇ ಇರಬಹುದು.

ಲೊಸಾನಿನ ತಂಡ ಮುಂದೆ ಹೊರಟದ್ದು ಇದೇ ಅನುಮಾನದ ಬೆನ್ನು ಹತ್ತಿ. ಮೆಲನೋಮ ಎಂಬ ಕ್ಯಾನ್ಸರ್ ಚರ್ಮಕ್ಕೆ ಹರಡಿ, ಬೇರೆ ಔಷಧಿಗೆ ಬಗ್ಗದ ರೋಗಿಗಳಲ್ಲಿ ಒಂದೇ ಸಲದ ಫ್ಲ್ಯಾಶ್ ಡೋಸ್ ಅನ್ನು 22 ಗ್ರೇಯಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ 34 ಗ್ರೇ ತನಕ ಏರಿಸಿ ನೋಡುವ ಪರೀಕ್ಷೆ ಅದು. ಒಂದು ಮೆಟ್ಟಿಲಿನಲ್ಲಿ ರೋಗಿಗಳ ಚರ್ಮ ಹೇಗಿದೆ ಎಂದು ವಾರಗಟ್ಟಲೆ ನೋಡಿಕೊಂಡ ಮೇಲೆಯೇ ಮುಂದಿನ ಮೆಟ್ಟಿಲು. ಚಿಕಿತ್ಸೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕಾಯುವುದಕ್ಕೆ ಮಾತ್ರ ತಿಂಗಳುಗಳು ಬೇಕು.